ಜೀನ್ ವರದಿಗಿಂತ ಮೊದಲು ಓದಬೇಕಾದ ಕಾಗದ

ಮಗಳೇ,

ನಿಮ್ಮಪ್ಪನ ಕೆನ್ನೆಯಿಂದ ತೆಗೆದ ಕ್ಯಾನ್ಸರ್ ಗಡ್ಡೆಗೆ ಜೀನ್ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿದ್ದೀಯ. ಮಾಡಿಸಿದರೆ ಮುಂದೇನಾಗುತ್ತದೆಂದು ಈಗಲೇ ತಿಳಿಯುತ್ತದೆ ಎಂದು ಯಾರೋ ಹೇಳಿದ್ದಾರಂತೆ. ಒಡವೆ ಅಡವಿಡುವ ಮಾತೂ ಮನೆಯಲ್ಲಿ ಬಂದಿದೆಯಂತೆ. ಆಯುಷ್ಯದ ಬಹುಪಾಲು ಪೆಥಾಲಜಿ ಲ್ಯಾಬಿನಲ್ಲಿ ಕಳೆದವನಾಗಿ ಹೇಳುತ್ತೇನೆ, ಒಡವೆ ಸದ್ಯಕ್ಕೆ ಬೀರುವಿನಲ್ಲೇ ಇರಲಿ. ಆಪರೇಷನ್ ಆದಮೇಲೆ ನಿನ್ನ ಕೈಗೆ ಕೊಟ್ಟಿರುವ ಪೆಥಾಲಜಿ ರಿಪೋರ್ಟನ್ನು ಮೊದಲು ಓದು.

ಕತ್ತರಿಸಿದ ತುಂಡು ಫಾರ್ಮಲಿನ್ ಡಬ್ಬಿಯಲ್ಲಿ ಲ್ಯಾಬಿಗೆ ಬರುತ್ತದೆ. ಯಾವ ಕಡೆ ಮೇಲು, ಯಾವ ಕಡೆ ಮುಂದು ಎಂದು ತಿಳಿಯಲು ಸರ್ಜನ್ ಅದಕ್ಕೆ ದಾರ ಕಟ್ಟಿ ಕಳಿಸಿರುತ್ತಾರೆ. ನಾವು ಅಂಚಿಗೆಲ್ಲ ಶಾಯಿ ಬಳಿದು, ಹೋಳು ಮಾಡಿ, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಡಿ ಇಡುತ್ತೇವೆ. ಕ್ಯಾನ್ಸರ್ ಕೋಶಗಳು ಶಾಯಿಯವರೆಗೂ ಬಂದಿವೆಯೇ? ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿವೆ? ಕುತ್ತಿಗೆಯ ದುಗ್ಧಗ್ರಂಥಿಗೆ ಹೋಗಿವೆಯೇ, ಹೋಗಿದ್ದರೆ ಗ್ರಂಥಿಯ ಹೊದಿಕೆ ಒಡೆದು ಆಚೆ ಬಂದಿವೆಯೇ? ನಿಮ್ಮಪ್ಪನಿಗೆ ಮುಂದೆ ಏನು ಕೊಡಬೇಕೆಂದು ಡಾಕ್ಟರು ನಿರ್ಧರಿಸುವುದು ಹೆಚ್ಚಾಗಿ ಈ ಸಾಲುಗಳನ್ನು ನೋಡಿಯೇ. ಅಂಚಿನಲ್ಲಿ ರೋಗ ಉಳಿದಿದ್ದರೆ, ಇಲ್ಲವೇ ಹೊದಿಕೆ ಒಡೆದಿದ್ದರೆ, ದೇಹ ತಾಳುವಂತಿದ್ದರೆ ರೇಡಿಯೇಷನ್ ಜೊತೆ ಕಿಮೋ ಕೂಡ ಕೊಡುತ್ತಾರೆ. ರೇಡಿಯೇಷನ್ ಬೇಕು ಅಂದರೆ ಆಪರೇಷನ್ ಆದ ಆರು ವಾರದೊಳಗೆ ಅದು ಶುರುವಾಗಬೇಕು. ಅದಕ್ಕೂ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ, ಹುಳುಕು ಹಲ್ಲು ಕೀಳಿಸುವುದಿದ್ದರೆ ಕೀಳಿಸಿ ಗಾಯ ಮಾಯಲು ಬಿಡಬೇಕು. ಜೀನ್ ವರದಿಗೆ ಕಾಯುತ್ತ ಕೂತು ಈ ವಾರಗಳನ್ನು ಕಳೆದುಕೊಳ್ಳಬೇಡ.

ಜೀನ್ ಸಂಶೋಧನೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೆಟ್ಟುಹೋದ ಕೋಶ ವಿಭಜನೆಯಾಗದಂತೆ ತಡೆಯುವ ಟಿಪಿ53 ಎಂಬ ಜೀನ್ ಇದೆ. ತಲೆ, ಕುತ್ತಿಗೆ ಭಾಗದ ಕ್ಯಾನ್ಸರ್ ಇದ್ದ 420 ಜನರ ಗಡ್ಡೆಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಗಡ್ಡೆಗಳಲ್ಲಿ ಆ ಜೀನ್ ಕೆಟ್ಟಿತ್ತು. ಅದು ತೀರಾ ಕೆಟ್ಟಿದ್ದವರ ಬದುಕುಳಿಯುವ ಪ್ರಮಾಣ ಕಡಿಮೆಯಿತ್ತು. ನಮ್ಮ ದೇಶದಲ್ಲೂ ಕಲ್ಯಾಣಿ ಮತ್ತು ನವಿ ಮುಂಬೈ ಊರುಗಳ ವಿಜ್ಞಾನಿಗಳು ತಂಬಾಕು ಅಗಿಯುವವರಲ್ಲಿ ಕಾಣುವ ಈ ವಸಡು–ಕೆನ್ನೆಯ ಕ್ಯಾನ್ಸರನ್ನೇ ಹಿಡಿದು 110 ರೋಗಿಗಳ ಗಡ್ಡೆಗಳನ್ನು ನೋಡಿದರು. 2013ರಲ್ಲಿ ಅದು ಅಚ್ಚಾಯಿತು. ಜೀನ್ ಬದಲಾವಣೆಗಳ ಪ್ರಕಾರ ರೋಗಿಗಳನ್ನು ಗುಂಪು ಮಾಡಿದಾಗ, ಕೆಲವು ಗುಂಪಿನವರು ರೋಗ ಮರುಕಳಿಸದೆ ಹೆಚ್ಚು ಕಾಲ ಇದ್ದರು. ನಮ್ಮವರ ಕಾಯಿಲೆಯನ್ನು ನಮ್ಮವರೇ ಇಷ್ಟು ಆಳಕ್ಕಿಳಿದು ನೋಡಿದ್ದು ನನಗೆ ತುಂಬಾ ಹೆಮ್ಮೆಯ ವಿಷಯ. ಆದರೆ ಇದೆಲ್ಲ ಗುಂಪಿನ ಲೆಕ್ಕ ಮಗಳೇ. ಅದರಿಂದ ನಿಮ್ಮಪ್ಪನ ಆಯುಷ್ಯ ಲೆಕ್ಕ ಹಾಕಲಾಗದು.

ಹಾಗಾಗಿ ಡಾಕ್ಟರನ್ನು ಒಂದೇ ಮಾತು ಕೇಳು: "ಈ ಪರೀಕ್ಷೆಯಲ್ಲಿ ಏನು ಬಂದರೆ ಅಪ್ಪನ ಚಿಕಿತ್ಸೆ ಬದಲಾಗುತ್ತದೆ ಸರ್?" ಇಂಥ ಔಷಧಿ ಕೊಡುವುದಕ್ಕಾಗಿ ಬೇಕು ಅಂದರೆ ಮಾಡಿಸು. ಸುಮ್ಮನೆ ತಿಳಿದುಕೊಳ್ಳಲು ಅಂದರೆ ಬೇಡ. ಲ್ಯಾಬಿನ ಮೇಣದ ಬ್ಲಾಕುಗಳನ್ನು ಜೋಪಾನವಾಗಿ ಇಡಲು ಹೇಳು. ಮುಂದೆ ಅಗತ್ಯ ಬಿದ್ದರೆ ಅದರಿಂದಲೇ ಪರೀಕ್ಷೆ ಮಾಡಬಹುದು.

"ನಮಗೂ ಬರುತ್ತಾ?" ಅಂತ ನಿನ್ನ ತಮ್ಮ ಹೆದರಿದ್ದಾನಂತೆ. ಗಡ್ಡೆಯಲ್ಲಿ ಕಾಣುವ ಈ ಬದಲಾವಣೆಗಳು ಸಾಮಾನ್ಯವಾಗಿ ಹುಟ್ಟಿನಿಂದ ಬಂದವಲ್ಲ. ವರ್ಷಗಟ್ಟಲೆ ಕೆನ್ನೆಯ ಸಂದಿಯಲ್ಲಿ ಕೂತ ಹೊಗೆಸೊಪ್ಪು, ಅಡಿಕೆ ಆ ಜಾಗದ ಕೋಶಗಳಲ್ಲಿ ಮಾಡಿದ ಹಾಳು ಅದು. ಮಕ್ಕಳಿಗೆ ಅದು ಇಳಿಯುವುದಿಲ್ಲ. ಆ ಚಟ ಅವನಿಗೆ ಅಂಟದಂತೆ ನೋಡಿಕೊಂಡರಾಯಿತು.

ನನಗೆ ಚಿಂತೆಯಾಗಿರುವುದು ನಿನ್ನ ಚಿಕ್ಕಪ್ಪನದು. ಅವರ ಕೆನ್ನೆಯೊಳಗೆ ಬಿಳಿ ಮಚ್ಚೆ ಇದೆ ಎಂದೆಯಲ್ಲ. ಅಂಥ ಮಚ್ಚೆಗಳ ಕೋಶದಲ್ಲಿ ಕ್ರೋಮೋಸೋಮ್ 3 ಮತ್ತು 9ರ ತುಂಡುಗಳು ಕಳೆದುಹೋಗಿದ್ದರೆ ಕ್ಯಾನ್ಸರ್ ಆಗುವ ಸಂಭವ ಹೆಚ್ಚು. 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಪ್ರಕಾರ, ಮೂರು ವರ್ಷ ಬಾಯಿ ಕ್ಯಾನ್ಸರ್ ಇಲ್ಲದೆ ಉಳಿದವರು, ತುಂಡು ಕಳೆದುಹೋಗಿದ್ದವರಲ್ಲಿ ನೂರಕ್ಕೆ 74, ಇಲ್ಲದವರಲ್ಲಿ 87. ಅಂದರೆ ವರದಿ ಚೆನ್ನಾಗಿ ಬಂದವರಲ್ಲೂ ನೂರಕ್ಕೆ ಹದಿಮೂರು ಮಂದಿಗೆ ರೋಗ ಬಂತು. ಅಪಾಯವಿದ್ದವರಿಗೆ ಕೊಟ್ಟು ನೋಡಿದ ಎರ್ಲೋಟಿನಿಬ್ ಮಾತ್ರೆ ಅದನ್ನು ತಡೆಯಲಿಲ್ಲ. ಇತ್ತ ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬಾಯಿ ತೆರೆಸಿ ಕಣ್ಣಾರೆ ನೋಡಿ, ಅನುಮಾನ ಬಂದವರನ್ನು ಡಾಕ್ಟರ ಬಳಿ ಕಳಿಸಿದರು. ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದು ಪಾಲು ತಗ್ಗಿತು ಎಂದು 2005ರಲ್ಲಿ ವರದಿಯಾಯಿತು.

ಈ ವಾರವೇ ಚಿಕ್ಕಪ್ಪನನ್ನು ಹತ್ತಿರದ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋಗು. ಬಯಾಪ್ಸಿ ಅಂದರೆ ಹೆದರದೆ ಮಾಡಿಸಲಿ. ಗುಟ್ಕಾ ಪ್ಯಾಕೆಟ್ ಜೇಬಿನಲ್ಲಿಟ್ಟುಕೊಂಡೇ ಬಂದರೂ ಅಲ್ಲಿ ಬೈಯಬೇಡ, ಬಿಡಿಸುವ ದಾರಿಯನ್ನೂ ಅಲ್ಲೇ ಕೇಳಿ ತಿಳಿದುಕೋ. ರಿಪೋರ್ಟು ಬಂದ ಕೂಡಲೇ ನನಗೆ ಫೋನ್ ಮಾಡು, ಇಬ್ಬರೂ ಕೂತು ಓದೋಣ.