ಮಳೆ ಬಂದರೆ ಇಂಟರ್ನೆಟ್ ಮಾಯ

ಮಳೆ ಬಂದಾಗಲೇ ಇಂಟರ್ನೆಟ್ ಕೈಕೊಡುತ್ತದೆ ಎಂದು ಬರೆದಿದ್ದೀರಲ್ಲ ಮೇಡಂ, ಅರ್ಧ ಉತ್ತರ ಅಲ್ಲೇ ಇದೆ. ಹೊಸ ರೂಟರ್‌ಗೆ ದುಡ್ಡು ಸುರಿಯಬೇಡಿ. ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರವಾಗಿ ಮೋಡೆಮ್‌ಗೆ ಜೋಡಿಸಿ ನೋಡಿ. ಆಗಲೂ ಸಂಪರ್ಕ ಕಡಿದರೆ ಪಾಪ, ವೈಫೈದೇನೂ ತಪ್ಪಿಲ್ಲ. ಮಳೆ ನಿಂತ ಮೇಲೆ ತಾರಸಿಯಿಂದ ಇಳಿಯುವ ಕಪ್ಪು ಕೇಬಲ್ಲಿನ ಕನೆಕ್ಟರ್ ಬಿಚ್ಚಿಸಿ. ಒಳಗಿನ ತಂತಿ ಹಸಿರುಗಟ್ಟಿದ್ದರೆ ನೀರು ಇಳಿದಿದೆ. ಟೇಪು ಸುತ್ತಿದರೆ ಸಾಲದು, ಕೇಬಲ್ಲನ್ನೇ ಬದಲಿಸಬೇಕು. ಟೀವಿಗೆಂದು ಅದೇ ಕೇಬಲ್ಲನ್ನು ಕವಲೊಡೆಸಲು ಹಾಕಿಸಿದ ಸ್ಪ್ಲಿಟರ್ ಈಗ ಬೇಡವಾಗಿದ್ದರೆ ತೆಗೆಸಿ. ಎರಡು ಕವಲಿನದೂ ಸುಮಾರು 3.5 ಡೆಸಿಬಲ್ ನುಂಗುತ್ತದೆ, ಅಂದರೆ ಸಿಗ್ನಲ್‌ನ ಅರ್ಧಕ್ಕಿಂತ ಹೆಚ್ಚು! ಹಲವು ಮೋಡೆಮ್‌ಗಳಲ್ಲಿ 192.168.100.1 ಎಂದು ಬ್ರೌಸರ್‌ನಲ್ಲಿ ಹಾಕಿದರೆ ಸಿಗ್ನಲ್ ಮಟ್ಟ ಕಾಣುತ್ತದೆ. ಬಿಸಿಲಲ್ಲೊಮ್ಮೆ, ಮಳೆಯಲ್ಲೊಮ್ಮೆ ಅದರ ಫೋಟೊ ತೆಗೆದಿಡಿ. ‘ಆಫ್ ಮಾಡಿ ಆನ್ ಮಾಡಿ’ ಎನ್ನುವ ಕಸ್ಟಮರ್ ಕೇರ್‌ನವರಿಗೆ ಅದನ್ನೇ ತೋರಿಸಿ.