ಆರೈಕೆಯ ಕೈಗಳು

ಬೀದರ ನಗರದ ಪೂರ್ವಕ್ಕೆ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ಅಷ್ಟೂರ ಎಂಬ ಗ್ರಾಮವಿದೆ. ಬಹಮನಿ ಸುಲ್ತಾನರ ಗೋರಿಗಳು ಇಲ್ಲಿ ಸಾಲುಗಟ್ಟಿ ನಿಂತಿವೆ. ನೋಡಬಂದವರು ಅಹಮದ್ ಶಹಾ ವಲಿಯ ಗೋರಿಯೊಳಗಿನ ವರ್ಣಚಿತ್ರಗಳನ್ನು ಕಂಡು ಬೆರಗಾಗುತ್ತಾರೆ. ಅದರ ಮಗ್ಗುಲಲ್ಲಿಯೇ ಅವನ ಮಗನ ಗೋರಿಯಿದೆ. ಈ ಮಗ, ಎರಡನೆಯ ಅಲ್ಲಾವುದ್ದೀನ್ ಅಹಮದ್ ಶಹಾ, 1436ರಿಂದ 1458ರವರೆಗೆ ರಾಜ್ಯವಾಳಿದನು. ಬೀದರದಲ್ಲಿ ದೊಡ್ಡದೊಂದು ಆಸ್ಪತ್ರೆಯನ್ನು ಕಟ್ಟಿಸಿ, ರೋಗಿಗಳ ಔಷಧ ಮತ್ತು ಆಹಾರದ ವೆಚ್ಚಕ್ಕೆಂದು ಕೆಲವು ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಟ್ಟು, ಹಿಂದೂ ಮತ್ತು ಮುಸಲ್ಮಾನ ವೈದ್ಯರನ್ನು ಅಲ್ಲಿ ನೇಮಿಸಿದನೆಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ.

ಅರಸನೊಬ್ಬನ ಕಾರ್ಯಗಳಲ್ಲಿ ಇದು ಕೋಟೆ ಕಟ್ಟಿಸುವುದಕ್ಕಿಂತ ಹಿರಿದೆಂದೇ ಹೇಳಬೇಕು. ಆದರೂ ಆಸ್ಪತ್ರೆಯಿದ್ದುದು ರಾಜಧಾನಿಯಲ್ಲಿ. ಅದರ ವೆಚ್ಚಕ್ಕೆ ತನ್ನ ಬೆಳೆಯ ಪಾಲನ್ನು ಕೊಟ್ಟ ಹಳ್ಳಿಯ ಬಾಣಂತಿಗೆ ನಡುರಾತ್ರಿ ಜ್ವರ ಬಂದರೆ ನೋಡುವವರು ಯಾರು? ಐದು ಶತಮಾನಗಳು ಕಳೆದರೂ ಬಡ ರಾಷ್ಟ್ರಗಳನ್ನು ಇದೇ ಪ್ರಶ್ನೆ ಕಾಡುತ್ತಿದೆ. 2030ರ ವೇಳೆಗೆ ಜಗತ್ತಿನಲ್ಲಿ ಸುಮಾರು ಒಂದು ಕೋಟಿ ಆರೋಗ್ಯ ಕಾರ್ಯಕರ್ತರ ಕೊರತೆ ಉಂಟಾಗುವುದೆಂದೂ, ಅದರ ಹೆಚ್ಚಿನ ಭಾಗ ಬಡ ದೇಶಗಳ ಪಾಲಿಗೆ ಬರುವುದೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಕಟ್ಟಡವನ್ನು ಒಂದು ವರ್ಷದಲ್ಲಿ ಎಬ್ಬಿಸಬಹುದು; ಔಷಧವನ್ನು ಲಾರಿಯಲ್ಲಿ ತರಿಸಬಹುದು. ರೋಗವನ್ನು ಗುರುತಿಸಬಲ್ಲ ವ್ಯಕ್ತಿಯನ್ನು ಹಾಗೆ ತರಿಸಲಾಗದು.

ಬೀದರಕ್ಕೆ ನೆರೆಯ ರಾಜ್ಯವಾದ ಮಹಾರಾಷ್ಟ್ರದ ಜಾಮಖೇಡದಲ್ಲಿ ಈ ಪ್ರಶ್ನೆಗೆ ಹೊಸ ಬಗೆಯ ಉತ್ತರವೊಂದು ದೊರೆಯಿತು. ಅದೂ ನಮ್ಮ ನಾಡಿನಂತೆಯೇ ಜೋಳ ಬೆಳೆಯುವ, ಬರಕ್ಕೆ ತುತ್ತಾಗುವ ಸೀಮೆ. ಡಾಕ್ಟರ್ ರಜನಿಕಾಂತ ಆರೋಳೆ ಮತ್ತು ಅವರ ಪತ್ನಿ ಡಾಕ್ಟರ್ ಮೇಬೆಲ್ ಆರೋಳೆ 1970ರಲ್ಲಿ ಅಲ್ಲಿ ಸೇವೆಯನ್ನಾರಂಭಿಸಿದರು. ಮೊದಲು ಅವರು ತರಬೇತಿ ಹೊಂದಿದ ದಾದಿಯರನ್ನೇ ಹಳ್ಳಿಗಳಲ್ಲಿ ನೆಲೆಗೊಳಿಸಲು ಯತ್ನಿಸಿದರು. ಪರಊರಿನ ಹೆಣ್ಣುಮಗಳು ಒಂಟಿಯಾಗಿ ಹಳ್ಳಿಯಲ್ಲಿ ನಿಲ್ಲುವುದು ಸುಲಭವಾಗಿರಲಿಲ್ಲ. ಹಳ್ಳಿಯವರೂ ಆಕೆಯನ್ನು ತಮ್ಮವಳೆಂದು ಬಗೆಯಲಿಲ್ಲ. ಆಗ ವೈದ್ಯ ದಂಪತಿಗಳು ಊರವರೇ ಆರಿಸಿದ ಹೆಂಗಸರಿಗೆ ಶಿಕ್ಷಣ ಕೊಡತೊಡಗಿದರು. ಅವರಲ್ಲಿ ಅನೇಕರು ಅಕ್ಷರ ಬಲ್ಲವರಲ್ಲ. ಹಲವರು ಕೆಳಜಾತಿಯವರೆಂದು ದೂರವಿಡಲ್ಪಟ್ಟವರು. ಅವರು ವಾರವಾರವೂ ಜಾಮಖೇಡಕ್ಕೆ ಬಂದು ಕಲಿಯುತ್ತಿದ್ದರು, ಊರಿಗೆ ಮರಳಿ ಕಲಿತುದನ್ನು ಮಾಡಿ ನೋಡುತ್ತಿದ್ದರು, ಮರುವಾರ ಬಂದು ತಮ್ಮ ಸಂಶಯಗಳನ್ನು ಕೇಳುತ್ತಿದ್ದರು. ಅಕ್ಷರವಿಲ್ಲದವಳಿಗೂ ವೈದ್ಯಶಾಸ್ತ್ರದ ಬೇಕಾದಷ್ಟು ಭಾಗವನ್ನು ಕಲಿಸಬಹುದೆಂದು ತೋರಿಸಿದ್ದೇ ಈ ದಂಪತಿಗಳ ದೊಡ್ಡ ಸಾಧನೆ. 1979ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಲಭಿಸಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಅಲ್ಮಾ ಆಟಾ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು, ಪ್ರಾಥಮಿಕ ಆರೋಗ್ಯ ರಕ್ಷಣೆಯಲ್ಲಿ ಇಂಥ ಕಾರ್ಯಕರ್ತರಿಗೂ ಸ್ಥಾನವಿದೆಯೆಂದು ಸಾರಿತ್ತು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ, ಸಾವಿರ ಜನರಿಗೆ ಒಬ್ಬಳಂತೆ ಆಶಾ ಕಾರ್ಯಕರ್ತೆಯನ್ನು ನೇಮಿಸುವ ಯೋಜನೆ ಬಂದಿತು. ಆಕೆ ಆ ಊರಿನಲ್ಲಿಯೇ ವಾಸಿಸುವವಳಾಗಿರಬೇಕು. ಸಾಮಾನ್ಯವಾಗಿ ಆ ಊರಿನ ಸೊಸೆ. ಈ ನಿಯಮದ ಬೆಲೆ ಬೀದರ ಜಿಲ್ಲೆಯಲ್ಲಿ ಚೆನ್ನಾಗಿ ಮನದಟ್ಟಾಗುತ್ತದೆ. ಇಲ್ಲಿ ಒಂದು ಓಣಿಯಲ್ಲಿ ಕನ್ನಡ, ಮತ್ತೊಂದರಲ್ಲಿ ಉರ್ದು. ಔರಾದದ ಕಡೆಗೆ ಹೋದರೆ ಮರಾಠಿ, ತಾಂಡಾಗಳಲ್ಲಿ ಲಂಬಾಣಿ. ಹಸುಗೂಸಿನ ಎದೆ ಸೆಳೆದುಕೊಳ್ಳುತ್ತಿದೆಯೇ ಎಂದು ತಾಯಿಯನ್ನು ಆಕೆಯ ಮಾತಿನಲ್ಲಿಯೇ ಕೇಳಬೇಕಲ್ಲವೇ?

ಯೋಜನೆಯ ಮೂಲ ರೂಪದಲ್ಲಿ ಆಶಾ ಕಾರ್ಯಕರ್ತೆಯ ಆರಂಭದ ತರಬೇತಿ 23 ದಿನಗಳದಾಗಿತ್ತು. ಅದನ್ನು ಒಂದೇ ಸಲಕ್ಕೆ ಮುಗಿಸದೆ ಹಂತಹಂತವಾಗಿ ಕೊಡುತ್ತಿದ್ದರು. ಮುಂದೆ ನವಜಾತ ಶಿಶುವಿನ ಆರೈಕೆಯನ್ನು ಪ್ರತ್ಯೇಕವಾಗಿ ಕಲಿಸುತ್ತಾರೆ. ಹೆರಿಗೆ ಆಸ್ಪತ್ರೆಯಲ್ಲಾದರೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆಕೆ ಮನೆಗೆ ಹೋಗಬೇಕು. ಮನೆಯಲ್ಲಾದರೆ ಮೊದಲನೆಯ ದಿನವೂ ಹೋಗಬೇಕು. ಮಗುವನ್ನು ತೂಗುವುದು, ಮೈಬಿಸಿ ಅಳೆಯುವುದು, ಗಡಿಯಾರ ಹಿಡಿದು ಉಸಿರೆಣಿಸುವುದು ಅಲ್ಲಿ ಆಕೆಯ ಕೆಲಸ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ ಅದು ಅಪಾಯದ ಲಕ್ಷಣ. ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. ಹುಟ್ಟಿದ ಕೂಡಲೇ ಮಗುವಿಗೆ ಎರೆಯಬಾರದು, ಮೈಗೆ ಬಟ್ಟೆ ಸುತ್ತಿ ಬೆಚ್ಚಗಿಡಬೇಕು ಎಂದು ಮನೆಯ ಅಜ್ಜಿಯನ್ನು ಒಪ್ಪಿಸುವುದೂ ಆಕೆಯ ಪಾಲಿನದೇ. ಉಸಿರೆಣಿಸುವುದಕ್ಕಿಂತ ಇದು ಕಠಿಣವಾದ ಕೆಲಸ, ಪುಸ್ತಕದಿಂದ ಕಲಿಯುವಂಥದಲ್ಲ. ಇಷ್ಟು ಹೊಣೆ ಹೊತ್ತವಳನ್ನು ಸರ್ಕಾರ ಸಂಬಳದ ನೌಕರಳೆಂದು ಪರಿಗಣಿಸದೆ, ಗೌರವಧನ ಮತ್ತು ಪ್ರೋತ್ಸಾಹಧನದಲ್ಲಿಯೇ ಇಟ್ಟಿರುವುದು ನ್ಯಾಯವೆನಿಸುವುದಿಲ್ಲ.

ಆಶಾ ಕಳಿಸಿದ ಮಗುವನ್ನು ನೋಡಲು ವೈದ್ಯರೂ ಬೇಕು. 1963ರಲ್ಲಿ ಗುಲಬರ್ಗಾದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಬೀದರದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ತೆರೆದದ್ದು 2007ರಲ್ಲಿ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371 (ಜೆ) ವಿಧಿಯ ಫಲವಾಗಿ, ಈ ಪ್ರದೇಶದ ಕಾಲೇಜುಗಳಲ್ಲಿ ಇಲ್ಲಿಯ ವಿದ್ಯಾರ್ಥಿಗಳಿಗೆ ಸ್ಥಾನಗಳು ಮೀಸಲಾಗಿವೆ. ಭಾಲ್ಕಿಯ ರೈತನ ಮಗಳು ಬೀದರದಲ್ಲಿಯೇ ಓದಿ ವೈದ್ಯಳಾಗುವುದು ಇಂದು ಸಾಧ್ಯ. ಹೀಗೆ ಕಲಿತವರು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಿಲ್ಲಬೇಕಾದರೆ ವಾಸಕ್ಕೆ ಯೋಗ್ಯವಾದ ಮನೆ, ಮಕ್ಕಳಿಗೆ ಶಾಲೆ, ಜೊತೆಗೆ ದುಡಿಯಲು ದಾದಿ, ರಾತ್ರಿ ಪಾಳಿಯನ್ನು ಹಂಚಿಕೊಳ್ಳಲು ಇನ್ನೊಬ್ಬ ವೈದ್ಯ, ಇವೆಲ್ಲವೂ ಬೇಕಾಗುತ್ತವೆ. ಅಲ್ಲಾವುದ್ದೀನನು ತನ್ನ ಆಸ್ಪತ್ರೆಗೆ ಕಟ್ಟಡದೊಡನೆ ಪ್ರತಿವರ್ಷದ ಉತ್ಪನ್ನವನ್ನೂ ಗೊತ್ತುಮಾಡಿದ್ದು ಇಂಥ ಅಗತ್ಯಗಳನ್ನು ಅರಿತೇ ಇರಬೇಕು.