ರಿಪೋರ್ಟಿನಲ್ಲಿದ್ದ 'ಸಿಎ' ಯಾವುದು?

ಕಾಮರ್ಸ್ ಓದುವ ನಮಗೆ ಸಿಎ ಎಂದರೆ ಚಾರ್ಟರ್ಡ್ ಅಕೌಂಟೆಂಟ್. ಕಳೆದ ವರ್ಷ ನಮ್ಮ ಬಡೇ ಅಬ್ಬಾ, ಅಂದರೆ ದೊಡ್ಡಪ್ಪ ಅವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಅವರ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ 'ಸಿಎ 19-9' ಎಂದು ಬರೆದಿತ್ತು. ಕಾಲೇಜಿಗೆ ಹೋಗುವವಳು ನಾನೇ ಎಂದು ಅದನ್ನು ನನ್ನ ಕೈಗೆ ಕೊಟ್ಟರು. ನನಗೂ ಅರ್ಥವಾಗಲಿಲ್ಲ. ಇಲ್ಲಿ ಸಿಎ ಎಂದರೆ ಕಾರ್ಬೋಹೈಡ್ರೇಟ್ ಆಂಟಿಜೆನ್, ಅದೊಂದು ಸಕ್ಕರೆಯ ಗುರುತು ಎಂದು ಬಯಾಲಜಿ ಮೇಡಂ ತಿಳಿಸಿದರು. ಸಕ್ಕರೆ ಎಂಬ ಮಾತು ಕೇಳಿದ್ದೇ ತಡ, ಬಡೀ ಅಮ್ಮಿ ಚಹಾಕ್ಕೆ ಶಕ್ಕರ್ ಹಾಕುವುದನ್ನೇ ನಿಲ್ಲಿಸಿದರು! ಆದರೆ ಆ ಸಕ್ಕರೆ ಬೇರೆ, ಈ ಸಕ್ಕರೆ ಬೇರೆ.

ಸಕ್ಕರೆ ಸರಪಳಿ ಎಂದರೇನು?

ನಮ್ಮ ಪ್ರತಿ ಜೀವಕೋಶದ ಹೊರಮೈಯಲ್ಲಿ ಬೇರೆ ಬೇರೆ ಸಕ್ಕರೆಗಳು ಕೊಂಡಿಗಳಂತೆ ಸೇರಿ ಸಣ್ಣ ಸರಪಳಿಗಳಾಗಿರುತ್ತವೆ. ಇವನ್ನು ಕಟ್ಟುವ ಕಿಣ್ವಗಳಿಗೆ ಗ್ಲೈಕೋಸಿಲ್ ಟ್ರಾನ್ಸ್‌ಫರೇಸ್ ಎಂದು ಹೆಸರು. ಮನುಷ್ಯರಲ್ಲಿ ಇಂಥವು ಸುಮಾರು 200 ಇವೆ. ಒಂದೊಂದು ಕಿಣ್ವಕ್ಕೂ ಒಂದೊಂದು ಕೆಲಸ.

ನಿಮ್ಮ ಐಡಿ ಕಾರ್ಡ್ ನೋಡಿ. ಅದರಲ್ಲಿರುವ ರಕ್ತದ ಗುಂಪು ಈ ಕಿಣ್ವಗಳದೇ ಕೆಲಸ. ಒಂದೇ ಸರಪಳಿಯ ತುದಿಗೆ ಎ ಗುಂಪಿನವರ ಕಿಣ್ವ ಒಂದು ಸಕ್ಕರೆಯನ್ನೂ, ಬಿ ಗುಂಪಿನವರ ಕಿಣ್ವ ಇನ್ನೊಂದು ಸಕ್ಕರೆಯನ್ನೂ ಜೋಡಿಸುತ್ತದೆ. ಎಬಿ ಗುಂಪಿನವರಲ್ಲಿ ಎರಡೂ ಇರುತ್ತವೆ. ಒ ಗುಂಪಿನವರಲ್ಲಿ ಆ ಕಿಣ್ವ ಕೆಲಸ ಮಾಡುವುದಿಲ್ಲ.

ಕ್ಯಾನ್ಸರ್‌ನಲ್ಲಿ ಏನಾಗುತ್ತದೆ?

1979ರಲ್ಲಿ ಅಮೆರಿಕದ ವಿಜ್ಞಾನಿ ಹಿಲರಿ ಕೊಪ್ರೊವ್‌ಸ್ಕಿ ಅವರ ತಂಡ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳನ್ನು ಬಳಸಿ ಸಿಎ 19-9 ಅನ್ನು ಗುರುತಿಸಿತು. ಇದು ನಾಲ್ಕು ಸಕ್ಕರೆಗಳ ಸರಪಳಿ. ಅವುಗಳಲ್ಲಿ ಒಂದರ ಹೆಸರು ಸಯಾಲಿಕ್ ಆಮ್ಲ. ಆರೋಗ್ಯವಂತ ಕರುಳಿನಲ್ಲಿ ಇದೇ ಸರಪಳಿಗೆ ಎರಡನೇ ಸಯಾಲಿಕ್ ಆಮ್ಲವೂ ಸೇರಿರುತ್ತದೆ. ಅದನ್ನು ಜೋಡಿಸುವ ಕಿಣ್ವ ಕ್ಯಾನ್ಸರ್ ಕೋಶದಲ್ಲಿ ಕಡಿಮೆಯಾಗುತ್ತದೆ ಎಂದು ಜಪಾನಿನ ರೇಜಿ ಕನ್ನಾಗಿ ಅವರ ತಂಡ ತೋರಿಸಿತು. ಜರ್ನಲ್‌ನಲ್ಲಿ ಬರೆದು ಲೆಡ್ಜರ್‌ಗೆ ಏರಿಸದೆ ಬಿಟ್ಟ ಲೆಕ್ಕದಂತೆ ಸರಪಳಿ ಅರ್ಧಕ್ಕೇ ನಿಲ್ಲುತ್ತದೆ.

ಇದರಿಂದ ತೊಂದರೆ ಏನು? ಸೋಂಕು ಆದ ಜಾಗದಲ್ಲಿ ಬಿಳಿ ರಕ್ತಕಣಗಳನ್ನು ಹಿಡಿದು ನಿಲ್ಲಿಸಲು ರಕ್ತನಾಳದ ಒಳಗೋಡೆಯಲ್ಲಿ ಇ-ಸೆಲೆಕ್ಟಿನ್ ಎಂಬ ಪ್ರೋಟೀನ್ ಇರುತ್ತದೆ. ಅರ್ಧ ಕಟ್ಟಿದ ಈ ಸರಪಳಿಯೂ ಅದಕ್ಕೆ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಹರಿಯುವ ಕ್ಯಾನ್ಸರ್ ಕೋಶ ಹೀಗೆ ದೂರದ ಅಂಗದಲ್ಲಿ ನೆಲೆ ಊರಲು ದಾರಿಯಾಗುತ್ತದೆ.

ಪರೀಕ್ಷೆಯ ಮಿತಿ

ಹಲವು ಜನಾಂಗಗಳಲ್ಲಿ 100ಕ್ಕೆ 5ರಿಂದ 10 ಜನರಿಗೆ ಈ ಸರಪಳಿ ಕಟ್ಟಲು ಬೇಕಾದ ಒಂದು ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಅವರಿಗೆ ಕ್ಯಾನ್ಸರ್ ಇದ್ದರೂ ಸಿಎ 19-9 ಏರುವುದಿಲ್ಲ. ಪಿತ್ತನಾಳ ಕಟ್ಟಿಕೊಂಡರೆ ಕ್ಯಾನ್ಸರ್ ಇಲ್ಲದವರಲ್ಲೂ ಅದು ಏರಬಹುದು. ಆದ್ದರಿಂದ ಈ ಒಂದು ಸಂಖ್ಯೆ ನೋಡಿ ಹೆದರುವುದೂ ತಪ್ಪು, ನಿಶ್ಚಿಂತೆಯಿಂದ ಇರುವುದೂ ತಪ್ಪು. ಕರುಳಿನ ಕ್ಯಾನ್ಸರ್ ಪತ್ತೆಗೆ ಮಲದಲ್ಲಿ ರಕ್ತವಿದೆಯೇ ಎಂಬ ಪರೀಕ್ಷೆ ಮತ್ತು ಕೊಲೊನೋಸ್ಕೋಪಿ ಮುಖ್ಯ.

ಚಹಾದ ಸಕ್ಕರೆ ಬಿಟ್ಟರೆ ಈ ಸರಪಳಿ ನಿಲ್ಲುವುದಿಲ್ಲ. ಅದಕ್ಕೆ ಬೇಕಾದ ಸಕ್ಕರೆಗಳನ್ನು ಜೀವಕೋಶ ತಾನೇ ತಯಾರಿಸಿಕೊಳ್ಳುತ್ತದೆ.

ಕೊನೆಯ ಮಾತು

ಬಡೇ ಅಬ್ಬಾ ಅವರಿಗೆ ಆರು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿತ್ತಂತೆ. ಮೂಲವ್ಯಾಧಿ ಇರಬೇಕು ಎಂದುಕೊಂಡು, ಹೇಳಲು ನಾಚಿಕೊಂಡು, ಸುಮ್ಮನಿದ್ದರು. ಈ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ಅವರಿಗೆ ಆಪರೇಷನ್ ಆಯಿತು, ಈಗಲೂ ತಪಾಸಣೆಗೆ ಹೋಗುತ್ತಾರೆ. ಡಾಕ್ಟರನ್ನು ಕೇಳಿದ ಮೇಲೆ ಬಡೀ ಅಮ್ಮಿ ಚಹಾಕ್ಕೆ ಒಂದು ಚಮಚ ಶಕ್ಕರ್ ಹಾಕಿಕೊಡುತ್ತಿದ್ದಾರೆ.

ಸ್ನೇಹಿತರೇ, ಇಂದು ಮನೆಗೆ ಹೋದ ಮೇಲೆ ಹಿರಿಯರ ಬಳಿ ಒಮ್ಮೆ ಈ ವಿಷಯ ಮಾತಾಡಿ. ಅವರು ನಾಚಿಕೊಂಡರೂ ನೀವು ಕೇಳಿ.